ಒರತೆಯಿಂದ ಲಾರಿಗೆ: ಬಯಲುಸೀಮೆಯ ಮರಳಿನ ಆರ್ಥಿಕತೆ

ಬಯಲುಸೀಮೆಯ ಗ್ರಾಮೀಣರ ತಿಳಿವಳಿಕೆಯಲ್ಲಿ ಮರಳೆಂದರೆ ನೀರು. ವರ್ಷದ ಬಹುಪಾಲು ಬತ್ತಿದಂತೆ ಕಾಣುವ ಉತ್ತರ ಪಿನಾಕಿನಿ, ಜಯಮಂಗಲಿಯಂತಹ ಹೊಳೆಗಳ ಮರಳು ಮಳೆನೀರನ್ನು ಹೀರಿ ತನ್ನೊಡಲಲ್ಲಿ ಇರಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ ಕೈಯಿಂದ ತೋಡಿದ ಒರತೆಯಲ್ಲಿ ನೀರು ಜಿನುಗುವುದೂ, ಮಧುಗಿರಿ, ಪಾವಗಡ ಭಾಗದ ತಲಪರಿಗೆಗಳು ಹರಿಯುವುದೂ ಇದರ ಬಲದಿಂದಲೇ. ತಲಪರಿಗೆಯ ನೀರನ್ನು ಸರದಿಯಂತೆ ಹಂಚುವ, ಅಚ್ಚುಕಟ್ಟಿನವರೆಲ್ಲ ಕೂಡಿ ಹೂಳೆತ್ತುವ ಕಟ್ಟಳೆಗಳು ಈ ಸೀಮೆಯಲ್ಲಿ ರೂಢಿಯಲ್ಲಿದ್ದವು.

1957ರ ಗಣಿ ಮತ್ತು ಖನಿಜ ಕಾಯ್ದೆಯು ಸಾಮಾನ್ಯ ಮರಳನ್ನು ಉಪಖನಿಜವೆಂದು ವರ್ಗೀಕರಿಸಿ, ನಿಯಮ ರೂಪಿಸುವ ಅಧಿಕಾರವನ್ನು ರಾಜ್ಯಗಳಿಗೆ ವಹಿಸಿತು. ಕರ್ನಾಟಕದಲ್ಲಿ 1994ರ ಉಪಖನಿಜ ರಿಯಾಯಿತಿ ನಿಯಮಗಳು ಬಂದವು. ಊರಿನ ರೂಢಿಗೆ ಒಳಪಟ್ಟಿದ್ದ ವಸ್ತುವೊಂದು ರಾಜಧನ ಕಟ್ಟಿ ಸಾಗಿಸುವ ಸರಕಾಯಿತು. ಅದೇ ಕಾಲಕ್ಕೆ ಬೆಂಗಳೂರು ಬೆಳೆಯತೊಡಗಿತ್ತು.

ಹೊಳೆಯ ಮರಳು ಸಾಲದಾದಾಗ ಕೋಲಾರ, ಚಿಕ್ಕಬಳ್ಳಾಪುರ ಭಾಗಗಳಲ್ಲಿ ‘ಫಿಲ್ಟರ್ ಮರಳು’ ಹುಟ್ಟಿಕೊಂಡಿತು. ಕೆರೆಯಂಗಳದ, ಗೋಮಾಳದ, ಕಡೆಗೆ ಹೊಲದ ಮಣ್ಣನ್ನೂ ಗುಂಡಿಗೆ ಸುರಿದು ಕೊಳವೆಬಾವಿಯ ನೀರು ಹಾಯಿಸಿ ಕಲಕಿದರೆ, ಜೇಡಿ ಕೊಚ್ಚಿಹೋಗಿ ಮರಳು ತಳದಲ್ಲಿ ಉಳಿಯುತ್ತದೆ. ಕುಡಿಯಲು ನೀರಿಲ್ಲದ ಸೀಮೆಯಲ್ಲಿ ಮಣ್ಣು ತೊಳೆಯಲು ಮಾತ್ರ ನೀರು ಒದಗಿತು!

ಈ ದಂಧೆಯನ್ನು ಕೇವಲ ಕಳ್ಳತನವೆಂದು ಬಗೆದರೆ ಅದರ ರಚನೆ ಅರ್ಥವಾಗದು. ಬರದಿಂದ ಬೆಳೆ ಕೈಹತ್ತದ ರೈತ ಹೊಲದ ಮೇಲ್ಮಣ್ಣನ್ನು ಮಾರಿಕೊಳ್ಳುತ್ತಾನೆ. ಆ ಹೊಲ ಮತ್ತೆ ಬೆಳೆಗೆ ಒದಗುವುದು ಕಷ್ಟ. ಕೂಲಿಯವನಿಗೆ ದಿನದ ಸಂಬಳ. ಟ್ರ್ಯಾಕ್ಟರಿನವನಿಗೆ ಸಾಲದ ಕಂತು. ದೊಡ್ಡ ಪಾಲು ಲಾರಿ ಮತ್ತು ದಲ್ಲಾಳಿ ಹಂತದಲ್ಲಿ ನಿಲ್ಲುತ್ತದೆ. ದಾರಿಯುದ್ದಕ್ಕೂ ತೆರಬೇಕಾದ ‘ಮಾಮೂಲು’ ಸಹ ಬೆಲೆಯಲ್ಲಿ ಸೇರಿಕೊಂಡು, ಮನೆ ಕಟ್ಟಿಸುವವನ ತಲೆಗೆ ಬೀಳುತ್ತದೆ. ಸಿಕ್ಕಿಬಿದ್ದಾಗ ಮೊದಲು ಠಾಣೆಯ ಮೆಟ್ಟಿಲು ಹತ್ತುವವನು ಸಾಮಾನ್ಯವಾಗಿ ಚಾಲಕ.

ಐದು ಹೆಕ್ಟೇರಿಗಿಂತ ಕಡಿಮೆ ವಿಸ್ತೀರ್ಣದ ಉಪಖನಿಜ ಗುತ್ತಿಗೆಗಳಿಗೂ ಪರಿಸರ ಅನುಮತಿ ಅಗತ್ಯವೆಂದು ಸರ್ವೋಚ್ಚ ನ್ಯಾಯಾಲಯವು ದೀಪಕ್ ಕುಮಾರ್ ಪ್ರಕರಣದಲ್ಲಿ 2012ರ ಫೆಬ್ರವರಿ 27ರಂದು ಆದೇಶಿಸಿತು. ಆದೇಶ ಅವಶ್ಯವೇ ಆಗಿತ್ತು. ಆದರೆ ಬೇಡಿಕೆ ತಗ್ಗದೆ ಸಕ್ರಮ ಪೂರೈಕೆಯಷ್ಟೇ ಕುಗ್ಗಿದರೆ ಅಕ್ರಮದ ಲಾಭ ಹೆಚ್ಚುವುದು ಸಹಜ. ಅನಂತರ ಬಳಕೆಗೆ ಬಂದ ಎಂ-ಸ್ಯಾಂಡ್ ಹೊಳೆಯ ಮೇಲಿನ ಒತ್ತಡವನ್ನು ಒಂದಿಷ್ಟು ಇಳಿಸಿದರೂ ಭಾರವನ್ನು ಕಲ್ಲುಗುಡ್ಡಗಳಿಗೆ ವರ್ಗಾಯಿಸಿತು.

ಮರಳು ಬರಿದಾದ ಪಾತ್ರದಲ್ಲಿ ತೋಡಿದರೆ ಗಟ್ಟಿ ಜೇಡಿ ಸಿಗುತ್ತದೆ. ಒರತೆಯಿಲ್ಲದ ಊರುಗಳಲ್ಲಿ ಮದುವೆಯ ಗಂಗೆಪೂಜೆ ಈಗ ನಲ್ಲಿಯ ಬಳಿ ನಡೆಯುತ್ತದೆ.