ಇ-ಪುಸ್ತಕಕ್ಕೆ ಬೀಗ: ಕಳ್ಳ ಪ್ರತಿ ನಿಂತೀತೇ?

ದುಬೈಗೋ ದೋಹಾಕ್ಕೋ ಹೊರಟವರ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಉಪ್ಪಿನಕಾಯಿಗೆ ಜಾಗ ಮಾಡಿದ ಮೇಲೆ ಪುಸ್ತಕಕ್ಕೆ ಉಳಿಯುವುದು ಅಷ್ಟಕ್ಕಷ್ಟೇ. ಹಾಗಾಗಿ ಹೊರನಾಡಿನಲ್ಲಿರುವ ನಮ್ಮವರಿಗೆ ಇ-ಪುಸ್ತಕ ವರವಾಗಿದೆ. ಜತೆಗೇ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕಾದಂಬರಿಗಳ ಪಿಡಿಎಫ್ ಕೂಡ ಹರಿದಾಡುತ್ತಿದೆ. ಇಂಥ ಹಂಚಿಕೆ ತಡೆಯಲು ಹಾಕುವ ಡಿಜಿಟಲ್ ಬೀಗವೇ ಡಿಆರ್‌ಎಂ. ಅದು ನಿಜಕ್ಕೂ ತಡೆಯುತ್ತದೆಯೇ?

ಪುಸ್ತಕದ ಫೈಲನ್ನು ಗೂಢಲಿಪಿಗೆ ತಿರುಗಿಸಿ, ಕೊಂಡವರ ಖಾತೆಗೆ ಕಟ್ಟಿಹಾಕುವುದು ಈ ಬೀಗದ ಕ್ರಮ. ಬೇರೆಯವರ ಫೋನಿನಲ್ಲಿ ಅದು ತೆರೆಯದು. ಆದರೆ ಕೊಂಡವರಿಗೆ ಪುಟ ಕಾಣಿಸಲೇಬೇಕಲ್ಲ! ಹಾಗಾಗಿ ಕೀಲಿಯನ್ನೂ ಅವರ ಸಾಧನಕ್ಕೇ ಕೊಡಬೇಕಾಗುತ್ತದೆ. ತಂತ್ರ ಬಲ್ಲವರು ಅಲ್ಲಿಂದಲೇ ಬೀಗ ಕಳಚುತ್ತಾರೆ. ಅಚ್ಚಾದ ಪುಸ್ತಕವನ್ನು ಸ್ಕ್ಯಾನ್ ಮಾಡುವವರಿಗಂತೂ ಯಾವ ಬೀಗವೂ ಅಡ್ಡಿಯಲ್ಲ. ಒಬ್ಬರು ಮಾಡಿದರೆ ಸಾಕು, ಉಳಿದವರು ಫಾರ್ವರ್ಡ್ ಮಾಡುತ್ತಾರೆ.

ಬೀಗದ ಬಿಸಿ ತಟ್ಟುವುದು ಹಣ ಕೊಟ್ಟವರಿಗೇ. 2009ರಲ್ಲಿ ಅಮೆಜಾನ್, ಹಕ್ಕಿಲ್ಲದವರು ಮಾರಾಟಕ್ಕಿಟ್ಟಿದ್ದ ಜಾರ್ಜ್ ಆರ್ವೆಲ್ ಕೃತಿಗಳನ್ನು ಗ್ರಾಹಕರ ಕಿಂಡಲ್‌ನಿಂದಲೇ ಅಳಿಸಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಮಳಿಗೆ ಮುಚ್ಚಿದಾಗ ಕೊಂಡವರಿಗೆ ಹಣ ಮರಳಿತು, ಪುಸ್ತಕ ಉಳಿಯಲಿಲ್ಲ. ಇನ್ನೊಂದೆಡೆ, 2012ರಲ್ಲಿ ಬೀಗ ತೆಗೆದ ಟಾರ್ ಪ್ರಕಾಶನ, ಮರುವರ್ಷ ಕಳ್ಳ ಪ್ರತಿ ಗಮನಕ್ಕೆ ಬರುವಷ್ಟು ಹೆಚ್ಚಿಲ್ಲ ಎಂದು ಹೇಳಿತು.

ಹಾಗೆಂದು ಬೀಗ ಪೂರಾ ವ್ಯರ್ಥವಲ್ಲ. ಯೋಚಿಸದೆ ಕಳಿಸಿಬಿಡುವ ಕೈಯನ್ನು ಅದು ತಡೆಯುತ್ತದೆ, ಪಣ ತೊಟ್ಟವರನ್ನಲ್ಲ. ಕಾನೂನೂ ಇದೆ. 2012ರ ತಿದ್ದುಪಡಿಯ ಬಳಿಕ ಭಾರತದ ಕೃತಿಸ್ವಾಮ್ಯ ಕಾಯ್ದೆಯಡಿ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿದರೆ 2 ವರ್ಷದವರೆಗೆ ಜೈಲು ಮತ್ತು ದಂಡ ವಿಧಿಸಬಹುದು.

ಕನ್ನಡದ ಎಷ್ಟೋ ಪುಸ್ತಕಗಳು ಅಚ್ಚಾಗುವುದೇ ಸಾವಿರದ ಆಸುಪಾಸು ಪ್ರತಿ. ಇನ್ನೂರು ಜನರಿರುವ ಒಂದು ಗುಂಪಿಗೆ ಪಿಡಿಎಫ್ ಹೋದರೆ ಲೇಖಕರಿಗೆ, ಸಣ್ಣ ಪ್ರಕಾಶಕರಿಗೆ ಅದರ ಪೆಟ್ಟು ಎಷ್ಟೆಂದು ಲೆಕ್ಕ ಹಾಕಬಹುದು. ಮುಂದಿನ ಪುಸ್ತಕ ಬರಬೇಕೋ ಬೇಡವೋ ಎಂಬುದು ಅಲ್ಲೇ ತೀರ್ಮಾನವಾಗಿಬಿಡುತ್ತದೆ.

ಪರದೇಶದಲ್ಲಿರುವ ಮಗನೋ ಮಗಳೋ ಕನ್ನಡ ಪುಸ್ತಕ ಕೇಳಿದರೆ, ಪಿಡಿಎಫ್ ಹುಡುಕುವ ಮುನ್ನ ಮೈಲ್ಯಾಂಗ್‌ನಂಥ ಆ್ಯಪ್‌ಗಳಲ್ಲಿ ಕೊಳ್ಳಲು ಸಿಗುತ್ತದೆಯೇ ನೋಡೋಣ. ಭಾರತದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಕಳೆದ ಬಳಿಕ ಕೃತಿ ಎಲ್ಲರದಾಗುತ್ತದೆ. 1946ರಲ್ಲಿ ನಿಧನರಾದ ಬಿ.ಎಂ. ಶ್ರೀಕಂಠಯ್ಯನವರ ಬರಹಗಳನ್ನು ಇಲ್ಲಿ ಯಾರೂ ಹಂಚಿಕೊಳ್ಳಬಹುದು. ಇಂದು ಬರೆಯುತ್ತಿರುವವರ ಪುಸ್ತಕದ ಮಾತು ಬೇರೆ. ಅದನ್ನು ಕಾಯುವ ಗಟ್ಟಿ ಬೀಗ ಯಾವ ಕಂಪನಿಯ ಬಳಿಯೂ ಇಲ್ಲ. ಫಾರ್ವರ್ಡ್ ಒತ್ತುವ ಮೊದಲು ಒಂದು ಕ್ಷಣ ನಿಲ್ಲುವ ನಮ್ಮ ಬೆರಳಲ್ಲಿದೆ.