ಅಟ್ಟೆಯ ನಡುವಿನ ಬಾಣ

ಹಳೆಯ ಸೈನಿಕ ಬೂಟಿನ ವಯಸ್ಸು ತಿಳಿಯಬೇಕಾದರೆ ಮೊದಲು ಅದನ್ನು ಮಗುಚಿ ಹಾಕಬೇಕು. ಬ್ರಿಟಿಷ್ ಸೇನೆಯ 'ಅಮ್ಯುನಿಷನ್ ಬೂಟು' ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ 1950ರ ದಶಕದ ಕೊನೆಯವರೆಗೂ ಕಾಲಾಳುಗಳ ಕಾಲಲ್ಲಿತ್ತು. ಅಟ್ಟೆಗೆ ಸಾಲು ಸಾಲು ಕಬ್ಬಿಣದ ಮೊಳೆ, ಹಿಮ್ಮಡಿಗೆ ಲಾಳ, ಮುಂತುದಿಗೆ ತಗಡು. ನಡೆದಷ್ಟೂ ಇವೆಲ್ಲ ಸವೆಯುತ್ತವೆ. ಪಾದದ ಕಮಾನಿನ ಕೆಳಗೆ ಅಟ್ಟೆ ಸಪೂರವಾಗುವ ಜಾಗ ಮಾತ್ರ ಹೆಚ್ಚು ನೆಲ ಮುಟ್ಟುವುದಿಲ್ಲ. ತಯಾರಕರ ಹೆಸರು, ಅಳತೆ, ಇಸವಿ, ಸರ್ಕಾರಿ ಬಾಣದ ಗುರುತು ಸಾಮಾನ್ಯವಾಗಿ ಅಲ್ಲೇ ಸಿಗುತ್ತವೆ.

ಈ ಬಾಣವೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ಕಾಗೆಯ ಹೆಜ್ಜೆಯಂತೆ ಮೂರೇ ಗೀರು. ಸೊತ್ತು ಸರ್ಕಾರದ್ದು ಎಂಬುದಕ್ಕೆ ಬ್ರಿಟನ್ನಿನಲ್ಲಿ ಶತಮಾನಗಳಿಂದ ಅದೇ ಗುರುತು. ಇಂಗ್ಲಿಷಿನ 'ಸಿ' ಅಕ್ಷರದ ಒಳಗೆ ಬಾಣವಿದ್ದರೆ ಅದು ಕೆನಡಾದ್ದು, 'ಯು' ಒಳಗಿದ್ದರೆ ದಕ್ಷಿಣ ಆಫ್ರಿಕಾದ್ದು, ಎರಡು 'ಡಿ'ಗಳ ನಡುವೆ ಇದ್ದರೆ ಆಸ್ಟ್ರೇಲಿಯಾದ್ದು. ಬಾಣದ ಜೊತೆಗೆ 'ಐ' ಕಂಡರೆ ಅದು ನಮ್ಮ ದೇಶದ ಸರಬರಾಜು. ಬೂಟು ಯಾವ ರಣರಂಗ ತುಳಿದಿತ್ತೆಂದು ಈ ಗುರುತು ಹೇಳಲಾರದು. ಆದರೆ ಅದು ಯಾವ ದೇಶದ ಉಗ್ರಾಣದಿಂದ ಹೊರಟಿತೆಂದು ಹೇಳುತ್ತದೆ, ಅಷ್ಟೂ ನನಗೆ ದೊಡ್ಡದೇ.

ಭಾರತದಲ್ಲಿ ಸೈನಿಕ ಬೂಟೆಂದರೆ ಕಾನ್ಪುರ. 1880ರ ದಶಕದಿಂದ ಅಲ್ಲಿನ ಕೂಪರ್ ಅಲೆನ್ ಕಂಪನಿ ಸೇನೆಗೆ ಬೂಟು ಹೊಲಿಯಿತು. 1920ರಲ್ಲಿ ಅದು ಬ್ರಿಟಿಷ್ ಇಂಡಿಯಾ ಕಾರ್ಪೊರೇಷನ್ನಿಗೆ ಸೇರಿತು, 1969ರಲ್ಲಿ ಸರ್ಕಾರದ ಚರ್ಮೋದ್ಯಮ ನಿಗಮದ ಪಾಲಾಯಿತು. ಆ ನಿಗಮವೂ ಈಗ ಮುಚ್ಚಿದೆ.

ಇಸವಿ ಅಳಿಸಿಹೋಗಿದ್ದರೆ ಬೇರೆ ಸುಳಿವು ಹುಡುಕಬೇಕು. ಮೊದಲ ಮಹಾಯುದ್ಧದ ಬ್ರಿಟಿಷ್ ಬೂಟಿನ ಮುಂತುದಿಗೆ ಸಾಮಾನ್ಯವಾಗಿ ಮೇಲುಹೊದಿಕೆಯ ತುಂಡು ಇರುತ್ತಿರಲಿಲ್ಲ, ಎರಡನೆಯದರ ಹೊತ್ತಿಗೆ ಅದು ಬಂದಿತ್ತು. ಮೇಲ್ಭಾಗದ ಚರ್ಮಕ್ಕೇ ರಬ್ಬರ್ ಅಟ್ಟೆ ಎರಕವಾಗಿ ಅಂಟಿದ್ದರೆ ಅದು ಯುದ್ಧ ಮುಗಿದ ಎಷ್ಟೋ ವರ್ಷಗಳ ನಂತರದ್ದು. ಕಣಕಾಲಿಗೆ ಎರಡು ಬಕಲ್ ಇರುವ ಅಮೆರಿಕನ್ ಬೂಟು 1943ರ ಮಾದರಿಯದು.

ಮೋಸವೂ ಉಂಟು. ಚರ್ಮವೆಲ್ಲ ಬಿರುಕು ಬಿಟ್ಟಿರುವಾಗ ಬಾಣ ಮಾತ್ರ ನಿನ್ನೆ ಒತ್ತಿದಷ್ಟು ಚೂಪಾಗಿದ್ದರೆ ಅನುಮಾನಿಸಬೇಕು. ಯುದ್ಧಕಾಲದ ಬೂಟಿನ ಹೊಲಿಗೆಯಲ್ಲಿ ನೈಲಾನ್ ದಾರ ಕಂಡರೆ ಅಲ್ಲಿ ಆಮೇಲೆ ಯಾರದೋ ಕೈ ಆಡಿರಬಹುದು. ಮೋಚಿ ಅಟ್ಟೆ ಬದಲಿಸಿದ್ದರಂತೂ ಗುರುತು ಹಳೆಯ ಚರ್ಮದೊಂದಿಗೇ ಹೋಗಿರುತ್ತದೆ. ಅದನ್ನು ಮೋಸವೆನ್ನಲು ನನಗೆ ಮನಸ್ಸಿಲ್ಲ. ಆ ಬೂಟು ಸೇನೆ ಬಿಟ್ಟಮೇಲೂ ಯಾರದೋ ಹೊಲದಲ್ಲಿ, ರಸ್ತೆಯಲ್ಲಿ ದುಡಿದಿದೆ.

ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ 'ಸನ್ನಿ ಸೈಡ್' ಈಗ ವಸ್ತುಸಂಗ್ರಹಾಲಯವಾಗಿದೆ. ಹೆಸರಾಂತರ ವಸ್ತುಗಳಿಗೆ ಅಂಥ ನೆಲೆಯಾದರೂ ಸಿಗುತ್ತದೆ. ಸಾಮಾನ್ಯ ಸಿಪಾಯಿಯ ಬೂಟಿಗೆ ಅದಿಲ್ಲ. ಕೊಡಗಿನ ಮನೆಗಳಲ್ಲಿ ಅಜ್ಜನ ಪದಕವನ್ನು ಗಾಜಿನ ಚೌಕಟ್ಟಿನಲ್ಲಿಟ್ಟವರು ಬೂಟನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ತಲೆಕೆಳಗು ಮಾಡಿ ನೋಡಲಿ. ಮಣ್ಣನ್ನು ಒಣ ಬಟ್ಟೆಯಿಂದ ಒರೆಸಿದರೆ ಸಾಕು. ಅಟ್ಟೆಗೆ ಪಾಲಿಶ್ ಬಳಿಯಬೇಡಿ, ಅಕ್ಷರಗಳ ಗೀರಿನೊಳಗೆ ಅದು ತುಂಬಿಕೊಳ್ಳುತ್ತದೆ.