ಮೋಸ ಇಲ್ಲದ ವ್ಯಾಪಾರದಲ್ಲೂ ಸಣ್ಣವರ ಗಲ್ಲಾ ಖಾಲಿ ಆಗೋದ್ಯಾಕೆ? ಗಾಳಿಯ ಗಣಿತದಲ್ಲಿದೆ ಉತ್ತರ

ಇಬ್ಬರು ವ್ಯಾಪಾರಿಗಳು ಅಂತ ಇಟ್ಕೊಳ್ಳಿ. ಒಬ್ಬರ ಗಲ್ಲಾದಲ್ಲಿ 10 ಸಾವಿರ ರೂಪಾಯಿ, ಇನ್ನೊಬ್ಬರ ಹತ್ರ 10 ಲಕ್ಷ. ತೂಕದಲ್ಲಿ ಮೋಸ ಇಲ್ಲ, ರೇಟಲ್ಲಿ ಮೋಸ ಇಲ್ಲ. ಪ್ರತಿ ವ್ಯವಹಾರದಲ್ಲೂ ಲಾಭ ಯಾರಿಗೆ ಅಂತ ನಾಣ್ಯ ಚಿಮ್ಮಿ ತೀರ್ಮಾನ. ಪಣ ಮಾತ್ರ ಸಣ್ಣವರ ಕೈಲಿರೋ ದುಡ್ಡಿನ ಶೇ.10.

ಸಣ್ಣವರು ಮೊದಲು ಸೋತರೆ 9 ಸಾವಿರ ಉಳೀತು. ಆಮೇಲೆ ಗೆದ್ದರೆ 900 ಬಂತು, ಒಟ್ಟು 9,900. ಮೊದಲು ಗೆದ್ದು ಆಮೇಲೆ ಸೋತರೂ ಅಷ್ಟೇ: 11,000 ಆಗಿ, ಅದರಲ್ಲಿ 1,100 ಹೋಗಿ 9,900. ಒಂದು ಸೋಲು, ಒಂದು ಗೆಲುವು, ಲೆಕ್ಕ ಚುಕ್ತಾ ಅನ್ಕೊಂಡರೆ 100 ರೂಪಾಯಿ ದೊಡ್ಡವರ ಕಡೆ ಹೋಗಿದೆ. ಹತ್ತು ಗೆಲುವು, ಹತ್ತು ಸೋಲು ಆಗೋ ಹೊತ್ತಿಗೆ ಉಳಿಯೋದು ಸುಮಾರು 9,044. ಕ್ಯಾಲ್ಕುಲೇಟರ್ ಹಿಡಿದು ನೀವೇ ನೋಡಿ.

ಹಾಗಂತ ನಾಣ್ಯದಲ್ಲಿ ತಪ್ಪಿಲ್ಲ. ಎರಡು ಸಲ ಚಿಮ್ಮಿದರೆ ಬರೋದು 12,100, 9,900, 9,900 ಇಲ್ಲವೇ 8,100. ಸರಾಸರಿ ಸರಿಯಾಗಿ 10 ಸಾವಿರ. ಆದರೆ ನಾಲ್ಕರಲ್ಲಿ ಮೂರು ನಷ್ಟವೇ! ಅಂಗಡಿ ಮುಚ್ಚಿದವರನ್ನು ನೋಡಿ 'ಅವನಿಗೆ ವ್ಯಾಪಾರ ಗೊತ್ತಿರಲಿಲ್ಲ' ಅಂತ ಮಾತಾಡೋರು ಈ ಲೆಕ್ಕ ಒಮ್ಮೆ ಹಾಕಿ ನೋಡಬೇಕು.

ಈ ಮಾದರಿಯನ್ನು 2002ರಲ್ಲಿ ಮುಂದಿಟ್ಟವರು ನಮ್ಮ ದೇಶದ ಭೌತವಿಜ್ಞಾನಿ ಅನಿರ್ಬನ್ ಚಕ್ರಬರ್ತಿ. ಇದಕ್ಕೀಗ 'ಯಾರ್ಡ್ ಸೇಲ್' ಮಾದರಿ ಅಂತ ಹೆಸರು. ಭೌತವಿಜ್ಞಾನಿಗೂ ಗಲ್ಲಾಕ್ಕೂ ಏನು ಸಂಬಂಧ ಅಂತೀರಾ? ಸಂಬಂಧ ಗಾಳಿಯದು.

ಒಂದು ಘನ ಸೆಂಟಿಮೀಟರ್ ಗಾಳಿಯಲ್ಲಿರೋ ಅಣುಗಳ ಸಂಖ್ಯೆ ಬರೆಯೋಕೆ 20 ಅಂಕಿ ಬೇಕು. ಒಂದೊಂದರ ಹಿಂದೆ ಓಡೋಕಾಗಲ್ಲ. ಅದಕ್ಕೆ ಆಸ್ಟ್ರಿಯಾದ ಲುಡ್ವಿಗ್ ಬೋಲ್ಟ್ಸ್‌ಮನ್ 1872ರಲ್ಲಿ ಬೇರೆ ದಾರಿ ಹಿಡಿದರು. ಯಾವ ವೇಗದಲ್ಲಿ ಎಷ್ಟು ಅಣುಗಳಿವೆ, ಒಂದಕ್ಕೊಂದು ಡಿಕ್ಕಿ ಹೊಡೆದಂತೆ ಆ ಎಣಿಕೆ ಹೇಗೆ ಬದಲಾಗುತ್ತೆ, ಇಷ್ಟನ್ನೇ ಹೇಳೋ ಸಮೀಕರಣ ಬರೆದರು. ಈ ಬಗೆಯವನ್ನೇ ಕೈನೆಟಿಕ್ ಸಮೀಕರಣ ಅಂತಾರೆ. ಅಣುವಿನ ಜಾಗದಲ್ಲಿ ವ್ಯಾಪಾರಿ, ಡಿಕ್ಕಿಯ ಜಾಗದಲ್ಲಿ ವ್ಯವಹಾರ, ವೇಗದ ಜಾಗದಲ್ಲಿ ದುಡ್ಡು ಇಟ್ಟರೆ ಇಡೀ ಸಂತೆಯ ಲೆಕ್ಕ ಸಿಗುತ್ತೆ.

ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಗಣಿತಜ್ಞ ಬ್ರೂಸ್ ಬೊಗೋಸಿಯನ್ 2014ರಲ್ಲಿ ಈ ನಾಣ್ಯದಾಟಕ್ಕೆ ಇದೇ ದಾರಿಯಲ್ಲಿ ಸಮೀಕರಣ ಕಟ್ಟಿದರು. ಆಟ ಹಾಗೇ ನಡೀತಾ ಹೋದರೆ ಕೊನೆಗೆ ಎಲ್ಲ ದುಡ್ಡು ಸೇರೋದು ಒಬ್ಬರ ಕೈಗೆ. ಅವರು ಜಾಣರಾಗಿರಬೇಕು ಅಂತೇನಿಲ್ಲ.

ಚಕ್ರಬರ್ತಿ ಅವರೇ ಅದಕ್ಕೂ ಮೊದಲು, 2000ದಲ್ಲಿ, ಕೋಲ್ಕತ್ತಾದ ಬಿಕಾಸ್ ಚಕ್ರಬರ್ತಿ ಜೊತೆ ಇನ್ನೊಂದು ಆಟ ನೋಡಿದ್ದರು. ಇದರಲ್ಲಿ ಇಬ್ಬರ ದುಡ್ಡೂ ಒಟ್ಟು ಸೇರಿಸಿ ಮನಸ್ಸಿಗೆ ಬಂದಂತೆ ಪಾಲು ಮಾಡೋದು. ಆಗ ಬರಿಗೈಯವರೇ ಜಾಸ್ತಿ. ಪ್ರತಿಯೊಬ್ಬರೂ ಒಂದು ಪಾಲು ಉಳಿತಾಯ ಅಂತ ಎತ್ತಿಟ್ಟು ಮಿಕ್ಕಿದ್ದನ್ನಷ್ಟೇ ಆಟಕ್ಕಿಟ್ಟರೆ, ಬರಿಗೈಯವರು ಕಡಿಮೆಯಾಗಿ ಮಧ್ಯದವರು ಹೆಚ್ಚುತ್ತಾರೆ.

ನಿಜವಾದ ಪೇಟೆಯಲ್ಲಿ ದುಡಿಮೆ ಇದೆ, ಬಡ್ಡಿ ಇದೆ, ಬಾಡಿಗೆ ಇದೆ, ಉದ್ರಿ ಇದೆ. ಈ ಆಟದಲ್ಲಿ ಅದ್ಯಾವುದೂ ಇಲ್ಲ. ಆದರೆ ಬೊಗೋಸಿಯನ್ ಲೆಕ್ಕದಲ್ಲಿ ಇನ್ನೊಂದು ಭಾಗ ಇದೆ: ಎಲ್ಲರ ಆಸ್ತಿಯಿಂದ ಒಂದು ಸಣ್ಣ ಪಾಲು ತೆರಿಗೆಯಾಗಿ ತೆಗೆದು ಸಮನಾಗಿ ಹಂಚುತ್ತಾ ಹೋದರೆ, ದುಡ್ಡು ಪೂರ್ತಿ ಒಬ್ಬರ ಕೈ ಸೇರೋದು ನಿಂತು ಹಂಚಿಕೆ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತೆ.